ಹಿಮಕ್ಕೆ ಹೊರಟವಳ ವಿಮೆ

ನಮ್ಮೂರಿನ ಉಪ್ಪಿನ ರಾಶಿಗಳು ಬೆಳಗಿನ ಹೊತ್ತು ನೆಲದ ಮೇಲೆ ನಿಂತಂತೆ ಕಾಣುತ್ತಿರಲಿಲ್ಲ. ಉಪ್ಪು ಬೆಳೆಯುವ ಆಗರದಲ್ಲಿ ಕಟ್ಟಿ ನಿಲ್ಲಿಸಿದ ನೀರೂ ಬಿಳಿ, ಮೇಲಿನ ಆಕಾಶವೂ ಬಿಳಿ. ಎರಡರ ನಡುವೆ ಆ ರಾಶಿಗಳು ಸುಮ್ಮನೆ ತೇಲುತ್ತಿದ್ದವು. ಹಿಮವನ್ನು ಕಣ್ಣಾರೆ ನೋಡುವ ಎಷ್ಟೋ ವರ್ಷ ಮೊದಲೇ ಹಿಮವೆಂದರೆ ಹೀಗೇ ಇರುತ್ತದೆಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮುಂದೆ ಬಡಗಣ ಬೆಟ್ಟಗಳಲ್ಲಿ ನಿಜವಾದ ಹಿಮ ಕಂಡಾಗ, ಅಯ್ಯೋ ಇದು ನಮ್ಮ ಆಗರವಲ್ಲವೇ ಎಂದು ನಗು ಬಂದಿತ್ತು.

ಕಾಲೇಜಿನಿಂದ ಬೆಟ್ಟ ಹತ್ತುವ ಶಿಬಿರಕ್ಕೆಂದು ಹೋದವಳು ನಾನು. ಅಲ್ಲಿ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಹಿಮದ ಇಳಿಜಾರಿನಲ್ಲಿ ಸಾಗುವುದನ್ನು ಕಲಿತು, ಅದಕ್ಕೆ ಮರುಳಾಗಿ, ಚಳಿಗಾಲ ಬಂತೆಂದರೆ ಮತ್ತೆ ಮತ್ತೆ ಅಲ್ಲಿಗೇ ಓಡುತ್ತಿದ್ದೆ. ಆ ಆಟಕ್ಕೆ ಸ್ಕೀಯಿಂಗ್ ಎನ್ನುತ್ತಾರೆ ಎಂದು ಎಷ್ಟು ಹೇಳಿದರೂ ಊರಿನವರು ಅದನ್ನು ಜಾರುವುದು ಎಂದೇ ಕರೆದರು. “ಮಾದೇವಿಯ ಅಣ್ಣನ ಮಗಳು ಅಷ್ಟೆಲ್ಲ ಓದಿ ಕಡೆಗೆ ಜಾರೂದು ಕಲ್ತ್ಕಂಡು ಬಂದದೆ” ಎಂಬುದು ಆಗ ಊರಿನ ಮೆಚ್ಚಿನ ಮಾತಾಗಿತ್ತು. ನನಗೂ ಅದು ಬೇಸರ ತರಲಿಲ್ಲ. ಜಾರುವುದನ್ನು ಕಲಿಸಿ ಹೊಟ್ಟೆ ಹೊರೆಯುವವರೂ ಲೋಕದಲ್ಲಿ ಇದ್ದಾರೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ನನಗೆ ಅಂಥವಳೇ ಆಗಬೇಕಿತ್ತು. ದೂರದೇಶದ ಒಂದು ಸ್ಕೀ ಶಾಲೆ, ಚಳಿಗಾಲ ಪೂರ್ತಿ ತನ್ನಲ್ಲೇ ಇದ್ದು ಶಿಕ್ಷಕಿಯಾಗುವ ತರಬೇತಿ ಪಡೆಯಲು ನನ್ನನ್ನು ಒಪ್ಪಿಕೊಂಡಿತ್ತು. ಒಂದೇ ಷರತ್ತು: ಬಂದವರ ಬಳಿ ವಿಮೆ ಇರಬೇಕು. ಬಿದ್ದು ಕೈಕಾಲು ಮುರಿದರೆ ಆಸ್ಪತ್ರೆ, ಬೆಟ್ಟದಲ್ಲಿ ಸಿಕ್ಕಿಕೊಂಡರೆ ಕೆಳಗಿಳಿಸುವುದು, ಎಲ್ಲವೂ ಅದರಲ್ಲಿ ಸೇರಿರಬೇಕು. ಮಳೆಗಾಲ ಮುಗಿಯುವುದರೊಳಗೆ ವಿಮೆಯ ಕಾಗದ ಅವರ ಕೈ ಸೇರದಿದ್ದರೆ ನನ್ನ ಜಾಗ ಇನ್ನೊಬ್ಬರಿಗೆ ಹೋಗುತ್ತಿತ್ತು.

ವಿಮೆ ಎಂದರೆ ಅಂಗಡಿಯಲ್ಲಿ ಸಿಗುವ ಸಾಮಾನು ಎಂದುಕೊಂಡು ನಾನು ಪೇಟೆಗೆ ಹೋದೆ. ಒಂದು ಕಚೇರಿಯಲ್ಲಿ, ಪ್ರವಾಸಕ್ಕೆ ಕೊಡುತ್ತೇವೆ, ಆದರೆ ಇಷ್ಟು ದೀರ್ಘ ಪ್ರವಾಸಕ್ಕಲ್ಲ ಎಂದರು. ಇನ್ನೊಂದರಲ್ಲಿ ಹಿಮವಿರುವ ಊರಿಗೆ ಹೋಗಬಹುದು, ಹಿಮದ ಮೇಲೆ ಆಡುವ ಹಾಗಿಲ್ಲ ಎಂದರು. ಕಿಟಕಿಯಲ್ಲಿ ಕೂತು ನೋಡಿಕೊಂಡು ಬರಬೇಕೇನು ಎಂದು ಕೇಳಿದೆ. ಅದು ಬಹಳ ಸುರಕ್ಷಿತ ಎಂದು ಗಂಭೀರವಾಗಿ ಉತ್ತರ ಬಂತು. ಮತ್ತೊಂದು ಕಡೆ ಎಲ್ಲವೂ ಕೂಡಿ ಬಂದಿತ್ತು. ರಜೆಗೆ ಹೋಗಿ ಸ್ಕೀ ಆಡಿದರೆ ವಿಮೆ ಇದೆ, ಕಲಿಸಲೆಂದು ಕಲಿತರೆ ಅದು ಆಟವಲ್ಲ, ಕೆಲಸ. ಕೆಲಸಕ್ಕೆ ಈ ವಿಮೆ ಇಲ್ಲ ಎಂದು ಕಡೆಗಳಿಗೆಯಲ್ಲಿ ಕೈ ಎತ್ತಿದರು. ಬಸ್ಸಿನಲ್ಲಿ ಮರಳಿ ಬರುವಾಗ ಕಿಟಕಿಯಾಚೆ ಆಗರದ ಬಿಳಿ ರಾಶಿಗಳು ಬಿಸಿಲಲ್ಲಿ ನಡುಗುತ್ತಿದ್ದವು. ನಾನು ಅವುಗಳ ಕಡೆ ನೋಡಲಿಲ್ಲ.

ಮನೆಯಲ್ಲಿ ಇದ್ದವಳು ನನ್ನ ಅತ್ತೆ, ಅಪ್ಪನ ತಂಗಿ ಮಾದೇವಿ. ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋದಮೇಲೆ ನನ್ನನ್ನು ಸಾಕಿದವಳು ಅವಳೇ. ಅವಳ ಗಂಡ, ತಮ್ಮಣ್ಣ ಮಾವ, ನಾನು ಹುಟ್ಟುವ ಮೊದಲೇ ಹಡಗಿನ ಕೆಲಸಕ್ಕೆ ಹೋದವರು ತಿರುಗಿ ಬಂದಿರಲಿಲ್ಲ. ಸತ್ತರೆಂದು ಯಾರೂ ಹೇಳಿರಲಿಲ್ಲ, ಬದುಕಿದ್ದಾರೆಂದೂ ಹೇಳಿರಲಿಲ್ಲ. ಹಾಗಾಗಿ ಅತ್ತೆ ದಿನವೂ ಹಣೆಗೆ ಕುಂಕುಮ ಇಡುತ್ತಿದ್ದಳು. ಮದುವೆಮನೆಯಲ್ಲಿ ಮುತ್ತೈದೆಯರಿಗೆ ಅರಿಶಿನ ಕುಂಕುಮ ಕೊಡುತ್ತ ಬಂದವರ ಕೈ ಅವಳ ಮುಂದೆ ಒಂದು ಕ್ಷಣ ತಡೆಯುತ್ತಿತ್ತು. ಅವಳು ಅದನ್ನು ಕಂಡೂ ಕಾಣದವಳಂತೆ ಬೇರೆಲ್ಲೋ ನೋಡುತ್ತಿದ್ದಳು. ಆ ಕ್ಷಣವನ್ನು ನನಗೆ ಯಾವತ್ತೂ ಸಹಿಸಲಾಗುತ್ತಿರಲಿಲ್ಲ.

ವಿಮೆಯ ಮಾತು ಎತ್ತಿದಾಗ ಅತ್ತೆ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು.

“ಎಂತಕ್ಕೆ ಅದು?”

“ಅಲ್ಲಿ ನಂಗೇನಾದ್ರೂ ಹೆಚ್ಚು ಕಡಿಮೆ ಆದ್ರೆ ನೋಡ್ಕೊಳ್ಳೂಕೆ.”

“ಬಾಯಿ ಮುಚ್ಚು. ಹೊರಡೂ ಮೊದ್ಲೇ ಬರೂದಿಲ್ಲ ಅಂತ ಬರ್ದಿಟ್ಟು ಹೋಗೂದೆ? ಹೋಗೂದಾದ್ರೆ ಸುಮ್ನೆ ಹೋಗು. ಇಲ್ಲದಿದ್ರೆ ಇಲ್ಲೇ ಇರು.”

ಅಲ್ಲಿಗೆ ಆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಅತ್ತೆ ಮುಗಿಸಿದ ಮಾತನ್ನು ಮತ್ತೆ ಬಿಚ್ಚುವ ಧೈರ್ಯ ಬೆಕ್ಕಿಗೂ ಇರಲಿಲ್ಲ.

ಕೊನೆಗೆ ನಾನು ಹೋದದ್ದು ಊರಿನ ವಿಮಾ ಏಜೆಂಟ್ ಬೀರಣ್ಣ ನಾಯಕರ ಬಳಿಗೆ. ಕಣ್ಣಾರೆ ನೋಡದೆ ಯಾವುದಕ್ಕೂ ವಿಮೆ ಬರೆಯುವುದಿಲ್ಲ ಎಂಬುದು ಅವರ ಪದ್ಧತಿ. ದೋಣಿಗೆ ವಿಮೆ ಬೇಕೆಂದರೆ ಮೊದಲು ಅದರಲ್ಲಿ ಕೂತು ಹೊಳೆ ದಾಟಿ ಬರುತ್ತಿದ್ದರು. ಎಮ್ಮೆಗೆ ಬೇಕೆಂದರೆ ಕೊಟ್ಟಿಗೆಗೆ ಹೋಗಿ ಅದರ ಹಲ್ಲು ನೋಡಿ ಬೆನ್ನು ತಡವುತ್ತಿದ್ದರು. ತೆಂಗಿನಕಾಯಿ ಕೊಯ್ಯುವವನೊಬ್ಬನಿಗೆ ಬರೆಯುವ ಮುಂಚೆ ಅವನನ್ನು ಮರ ಹತ್ತಿಸಿ, ತಾವು ಕೆಳಗೆ ನಿಂತು ಎಳನೀರು ಕುಡಿದರಂತೆ. ಪದ್ಧತಿಗೆ ಪದ್ಧತಿ, ಎಳನೀರಿಗೆ ಎಳನೀರು ಎಂದು ಊರು ನಗುತ್ತಿತ್ತು.

ನನ್ನ ಕತೆಯನ್ನು ಅವರು ಕಣ್ಣು ಮುಚ್ಚಿಕೊಂಡು ಕೇಳಿದರು.

“ಇಂಥದ್ದಕ್ಕೆ ಒಂದು ವಿಮೆ ಅದೆ ತಂಗಿ. ದೊಡ್ಡ ಕಚೇರಿಗೆ ನಾನು ಶಿಫಾರಸು ಬರೀಬೇಕು. ಆದ್ರೆ ನೋಡ್ದೆ ಹೇಗೆ ಬರೀಲಿ?”

“ಇಲ್ಲಿ ಹಿಮ ಎಲ್ಲಿಂದ ತರೂದು ಬೀರಣ್ಣ?”

ಅವರು ಕಣ್ಣು ತೆರೆದು ಬಾಗಿಲಾಚೆ ನೋಡಿದರು. ಅವರ ಕಚೇರಿಯ ಬಾಗಿಲಿಗೆ ಎದುರಾಗಿ, ಮಳೆಗೆ ಮುನ್ನ ತೆಂಗಿನ ಗರಿ ಹೊದಿಸಲೆಂದು ಒಟ್ಟುಗೂಡಿಸಿದ್ದ ಉಪ್ಪಿನ ದೊಡ್ಡ ರಾಶಿ ಹೊಳೆಯುತ್ತಿತ್ತು.

ಆಗರದ ಯಜಮಾನರು ಒಪ್ಪಿದರು. ಲಕ್ಷ್ಮಿಯನ್ನು ತುಳಿಯುತ್ತಿದ್ದೀಯ, ಮೊದಲು ಮುಟ್ಟಿ ಕಣ್ಣಿಗೆ ಒತ್ತಿಕೋ ಎಂದಷ್ಟೇ ಹೇಳಿದರು. ಮರುದಿನ ನಾನು ಹಾಗೆಯೇ ಮಾಡಿ, ಬಡಗಣ ಬೆಟ್ಟಗಳಿಂದ ತಂದಿಟ್ಟುಕೊಂಡಿದ್ದ ಹಲಗೆಗಳನ್ನು ಹೆಗಲ ಮೇಲೆ ಹೊತ್ತು ರಾಶಿಯ ತುದಿಗೆ ಹತ್ತಿದೆ. ಬೆಳಗಿನ ಮಂಜು ಇನ್ನೂ ಆರಿರಲಿಲ್ಲ. ಮೇಲೆ ನಿಂತಾಗ ಊರು ಕಾಣಲಿಲ್ಲ, ಕಡಲು ಕಾಣಲಿಲ್ಲ. ಕೆಳಗೆ ಬೀರಣ್ಣನವರ ಕಪ್ಪು ಕೊಡೆಯೊಂದೇ ಬಿಳುಪಿನಲ್ಲಿ ತೂಗುತ್ತಿತ್ತು. ಎರಡು ಬೇರೆ ಬೇರೆ ದೇಶಗಳು ನನ್ನ ಪಾದದ ಕೆಳಗೆ ಒಂದಾದಂತೆ ಅನ್ನಿಸಿ ಎದೆ ತುಂಬಿತು. ಹಲಗೆಗಳು ಉಪ್ಪಿನ ಹರಳನ್ನು ಕರಕರ ಕೆರೆದವು, ಆಮೇಲೆ ಒಪ್ಪಿದವು. ನಾನು ನಿಧಾನವಾಗಿ ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ ಕೆಳಗಿಳಿದು ಅವರ ಮುಂದೆ ನಿಂತೆ. ಬಾಯಲ್ಲಿ ಉಪ್ಪಿನ ರುಚಿ ಇತ್ತು.

“ಚೆಂದ” ಎಂದರು ಬೀರಣ್ಣ. “ಈಗ ಬಿದ್ದು ತೋರ್ಸು.”

“ಬೀಳೂದೆ?”

“ನಿಂತ್ಕಂಡವ್ರಿಗೆ ವಿಮೆ ಎಂತಕ್ಕೆ? ಬೀಳೂದು ಹೇಗೆ ಅಂತ ನೋಡ್ಬೇಕಲ್ಲ ನಾನು.”

ಸ್ಕೀ ಕಲಿಸುವವರು ಮೊದಲ ದಿನ ಕಲಿಸುವುದೂ ಅದನ್ನೇ. ಮತ್ತೆ ಮೇಲೇರಿ, ಅರ್ಧ ದಾರಿಯಲ್ಲಿ ಮಂಡಿ ಮಡಚಿ, ಸೊಂಟವನ್ನು ಒಂದು ಮಗ್ಗುಲಿಗೆ ಚೆಲ್ಲಿ ಬಿದ್ದೆ. ಉಪ್ಪು ಮೈಮೇಲೆಲ್ಲ ಸುರಿಯಿತು. ಹಲಗೆಗಳನ್ನು ಇಳಿಜಾರಿಗೆ ಅಡ್ಡವಾಗಿ ತಿರುಗಿಸಿ, ಕೈಯೂರಿ ಎದ್ದೆ. ಎದ್ದು ನೋಡಿದಾಗ ಬೀರಣ್ಣನವರ ಪಕ್ಕದಲ್ಲಿ ಅತ್ತೆ ನಿಂತಿದ್ದಳು. ಯಾರು ಸುದ್ದಿ ಮುಟ್ಟಿಸಿದರೋ ಗೊತ್ತಿಲ್ಲ. ಒಲೆ ಮುಂದಿನಿಂದ ಎದ್ದವಳು ಹಾಗೇ ಬಂದಿದ್ದಳು.

ಬೈಗುಳ ಬರುತ್ತದೆಂದು ಕಾದೆ. ಅತ್ತೆ ಸೆರಗಿನಿಂದ ನನ್ನ ಕೂದಲಿನ ಉಪ್ಪು ಝಾಡಿಸಿದಳು. ಆಮೇಲೆ ಬೀರಣ್ಣನವರ ಕಡೆ ತಿರುಗಿ ಕೇಳಿದಳು:

“ಅಲ್ಲಿ ಇದು ಹೀಗೆ ಬಿದ್ರೆ, ನಿಮ್ಮ ವಿಮೆಯವ್ರು ತಂದು ಕೊಡ್ತ್ರಾ?”

“ಕೊಡ್ತ್ರು ಅಕ್ಕಾ.”

“ಮನೆ ಬಾಗ್ಲಿಗೆ?”

“ಮನೆ ಬಾಗ್ಲಿಗೆ.”

“ಹೇಗಿದ್ರೂ?”

ಬೀರಣ್ಣ ಕೊಡೆ ಮಡಚಿದರು. “ಹೇಗಿದ್ರೂ, ಅಕ್ಕಾ. ಆದ್ರೆ ಊರಲ್ಲಿ ಒಬ್ರು ಜವಾಬ್ದಾರಿ ತಕ್ಕಳ್ಬೇಕು. ಅಲ್ಲಿಂದ ಕರೆ ಬಂದ್ರೆ ಇದು ನಮ್ಮನೆ ಕೂಸು ಅಂತ ಹೇಳೂರು ಬೇಕು. ಅವ್ರ ಸಹಿ ಇಲ್ಲದೆ ಈ ವಿಮೆ ಆಗೂದಿಲ್ಲ.”

ಅತ್ತೆಯನ್ನು ಬಿಟ್ಟರೆ ನನಗೆ ಯಾರೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಅತ್ತೆ ನೇರ ರಸ್ತೆ ದಾಟಿ ಅವರ ಕಚೇರಿಯ ಮೆಟ್ಟಿಲು ಹತ್ತಿದಳು. ನಾವಿಬ್ಬರೂ ಅವಳ ಹಿಂದೆ ಹೋದೆವು.

ಬೀರಣ್ಣ ಮೇಜಿನಾಚೆ ಕೂತು ಪೆನ್ನು ಬಿಚ್ಚಿದರು. ಅವಳ ಹೆಸರು ಬರೆದುಕೊಂಡರು. ಮುಂದಿನದು ಗಂಡನ ಹೆಸರು. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲವೆಂದು ತಿಳಿದಿದ್ದ ಅವರು, ಮೆತ್ತಗೆ, “ಅದು ಇರ್ಲಿ ಅಕ್ಕಾ, ತಮ್ಮಣ್ಣ ಅಂತ ನಾನೇ ಬರ್ಕಂತೆ” ಎಂದರು.

“ಬೇಡ!” ಎಂದಳು ಅತ್ತೆ. ಆ ದನಿಗೆ ನಾನು ಬೆಚ್ಚಿದೆ. “ಆ ಹೆಸ್ರು ಬರೀಬೇಡಿ.”

ಆಮೇಲೆ ಅವಳು ಹೇಳಿದಳು, ನಮಗಲ್ಲ, ಬಾಗಿಲಾಚೆಯ ಬಿಳುಪಿಗೆ ಹೇಳುವವಳಂತೆ. ಮಾವ ಹೋದ ಮರುವರ್ಷ ಹಡಗಿನ ಕಂಪನಿಯ ಗುಮಾಸ್ತನೊಬ್ಬ ಗಂಡನ ಮನೆಗೆ ಬಂದಿದ್ದನಂತೆ. ದೂರದ ಬಂದರೊಂದರ ಆಸ್ಪತ್ರೆಯಲ್ಲಿ ಜ್ವರ ಬಂದ ನಾವಿಕರನ್ನು ಇಳಿಸಿಹೋಗಿದ್ದಾರೆ, ಈ ಮನೆಯವನೊಬ್ಬ ಹಡಗಿನಲ್ಲಿದ್ದನೆಂದು ಕೇಳಿ ಬಂದೆ, ನಿಮ್ಮವನೂ ಅವರಲ್ಲಿರಬಹುದು, ಹಡಗಿನ ಹೆಸರುಪಟ್ಟಿ ಕಳೆದುಹೋಗಿದೆ, ಕಾಗದಪತ್ರದಲ್ಲಿ ಬರೆಸಿದ ಹೆಸರು ಹೇಳಿ, ತಂತಿ ಕೊಟ್ಟು ಕರೆಸುತ್ತೇವೆ ಎಂದನಂತೆ.

“ಗಂಡಸ್ರೆಲ್ಲ ಆಗರದಲ್ಲಿ ಇದ್ರು. ನಾನು ಇನ್ನೂ ಹೊಸ ಸೊಸೆ, ಬಾಗ್ಲ ಹಿಂದೆ ನಿಂತಿದ್ದೆ. ಹೆಸ್ರು ಬಾಯಿ ತನಕ ಬಂದಿತ್ತು. ಗಂಡನ ಹೆಸ್ರು ಹೇಳಿದ್ರೆ ಅವ್ರ ಆಯುಷ್ಯ ಕಡ್ಮೆ ಆಗ್ತದೆ ಅಂತ ಕಲ್ಸಿದ್ರು. ನುಂಗ್ಕಂಡೆ.”

“ಮನೇಲಿ ಬೇರೆ ಯಾರೂ ಇರ್ಲಿಲ್ವಾ?” ಎಂದೆ.

“ನನ್ನತ್ತೆ ಇದ್ರು. ಅವ್ರೂ ಹೇಳೂ ಹಾಗಿಲ್ಲ. ಅವ್ರ ಮಾವನ ಹೆಸ್ರೇ ಮಗನಿಗೆ ಇಟ್ಟದ್ದು. ಮಾವನ ಹೆಸ್ರು ಹೇಳೂದು ಹೇಗೆ? ಅದಕ್ಕೇ ಮನೇಲಿ ತಮ್ಮಣ್ಣ ಅಂತ ಕರೀತಿದ್ರು. ಅದ್ನೇ ಹೇಳಿದ್ರು. ಗುಮಾಸ್ತ ಬರ್ಕಂಡು ದೋಣಿ ಹತ್ತಿದ. ಸಂಜೆ ಗಂಡಸ್ರು ಬಂದು ಕೇಳಿದ್ರೆ, ಹೆಸ್ರು ಹೇಳಿ ಆಯ್ತು ಅಂದ್ರು ಅತ್ತೆ. ಯಾವ ಹೆಸ್ರು ಅಂತ ಯಾರೂ ಕೇಳ್ಲಿಲ್ಲ.”

ಆ ಹೆಸರಿನ ರೋಗಿ ಇಲ್ಲಿಲ್ಲ ಎಂದು ಅಲ್ಲಿಂದ ಉತ್ತರ ಬಂತಂತೆ. ಆಗ ಗಂಡಸರು ತಲೆ ಚಚ್ಚಿಕೊಂಡು, ಬಂದರಿಗೆ ಓಡಿ, ಸರಿಯಾದ ಹೆಸರಿನಲ್ಲಿ ಮತ್ತೆ ತಂತಿ ಹೊಡೆಸಿದರು. ಈ ಸಲ ಬಂದ ಉತ್ತರ ಇಷ್ಟು: ಹೌದು, ಆ ಹೆಸರಿನವನು ಇದ್ದ, ತನ್ನನ್ನು ಕೇಳಿಕೊಂಡು ಯಾರಾದರೂ ಬಂದರೇ ಎಂದು ದಿನವೂ ವಿಚಾರಿಸುತ್ತಿದ್ದ, ಈಗ ಎದ್ದು ಹೋಗಿದ್ದಾನೆ, ಎಲ್ಲಿಗೆಂದು ತಿಳಿಯದು. ಅದೇ ಕೊನೆಯ ಸುದ್ದಿ.

ಬೀರಣ್ಣನವರ ಪೆನ್ನು ಹಾಗೇ ನಿಂತಿತ್ತು. ನನಗೆ ಅಳು ಬಂತು, ಮುಚ್ಚಿಡಲು ಆಗಲಿಲ್ಲ. ಅವಳ ಕೈ ಹಿಡಿದು, “ನಾನು ಹೋಗೂದಿಲ್ಲ ಅತ್ತೆ” ಎಂದೆ. ಆ ಗಳಿಗೆಯಲ್ಲಿ ಅದು ನಿಜವಾಗಿಯೂ ನನ್ನ ಮನಸ್ಸಾಗಿತ್ತು.

“ಹೋಗೂದಿಲ್ಲ ಅಂದ್ರೆ? ಈಗ ತಾನೆ ಅಷ್ಟು ಚೆಂದ ಬಿದ್ದೆಯಲ್ಲ” ಎಂದಳು ಅತ್ತೆ. ಕಣ್ಣು ಒರೆಸಿಕೊಳ್ಳದೆ ಬೀರಣ್ಣನವರ ಕಡೆ ಬಗ್ಗಿ, ಒಂದೊಂದೇ ಅಕ್ಷರ ಇಟ್ಟಂತೆ ಹೇಳಿದಳು:

“ಜಟ್ಟಪ್ಪ. ಜಟ್ಟಪ್ಪ ಹೊನ್ನಪ್ಪ ನಾಯಕ. ಸರಿಯಾಗಿ ಬರ್ಕಂಡ್ರಾ? ಅವ್ರ ಹೆಂಡ್ತಿ ಮಾದೇವಿ. ಈ ಕೂಸಿಗೆ ನಾನು ಜವಾಬ್ದಾರಿ. ಯಾರು ಕೇಳಿದ್ರೂ ನಾನು ಹೇಳ್ತೆ.”

ಅವಳ ಬಾಯಿಂದ ಆ ಹೆಸರು ಹೊರಬಿದ್ದದ್ದು ಅದೇ ಮೊದಲು. ನನಗಂತೂ ಮಾವನಿಗೆ ಅಂಥದೊಂದು ಹೆಸರಿತ್ತೆಂಬುದೇ ಆಗ ತಿಳಿದದ್ದು.

ವಿಮೆ ಸಿಕ್ಕಿತು. ನಾನು ಹೋದೆ, ಆ ಚಳಿಗಾಲವೆಲ್ಲ ಬಿದ್ದೆ, ಎದ್ದೆ, ಕಲಿಸಲು ಕಲಿತೆ, ನನ್ನ ಕಾಲ ಮೇಲೆಯೇ ಮನೆಗೆ ಮರಳಿದೆ. ಆ ದೇಶದ ಬೆಟ್ಟಗಳು ಈಗ ಒಂದರೊಳಗೊಂದು ಕರಗಿಹೋಗಿವೆ. ಕರಗದೆ ಉಳಿದಿರುವುದು ಹೊರಡುವ ಹಿಂದಿನ ದಿನದ ಸಂಜೆ. ನಾನು ಒಳಗೆ ಉಣ್ಣೆಯ ಬಟ್ಟೆಗಳನ್ನು ಮಡಚುತ್ತಿದ್ದೆ. ಹಿತ್ತಲಿನಿಂದ ಅತ್ತೆಯ ದನಿ ಕೇಳಿಸಿತು. ನನ್ನನ್ನು ಕರೆದಳೆಂದು ಕಿಟಕಿಗೆ ಬಂದೆ. ಅವಳು ಬೇಲಿಯ ಬಳಿ ಕಡಲ ಕಡೆ ಮುಖಮಾಡಿ ನಿಂತಿದ್ದಳು.

“ಜಟ್ಟಪ್ಪಾ” ಎಂದಳು. ಪಕ್ಕದ ಕೋಣೆಯಲ್ಲಿ ಇರುವವರನ್ನು ಊಟಕ್ಕೆ ಎಬ್ಬಿಸುವಷ್ಟೇ ದನಿ. ಸ್ವಲ್ಪ ಹೊತ್ತು ಕಾದಳು. ನೀರು ಇಳಿದು ದೂರ ಸರಿಯುತ್ತಿತ್ತು. ಮತ್ತೆ, ಈ ಸಲ ತುಸು ಗಟ್ಟಿಯಾಗಿ, ಕರೆದಳು. ನಾನು ಹಿಂದೆ ಸರಿದು ನೆಲದ ಮೇಲೆ ಕೂತೆ. ಅವಳು ಕರೆದು ಮುಗಿಸಿ ಒಳಗೆ ಬರುವವರೆಗೂ ದೀಪ ಹಚ್ಚಲಿಲ್ಲ.