ಇಳಿಯುವ ಹಕ್ಕು, ಹೆದರುವ ಹಕ್ಕಿ

ಸರ್ವರ್ ಕೋಣೆಯ ಉಕ್ಕಿನ ಬಾಗಿಲು ಮುಚ್ಚಿಕೊಂಡಿದ್ದು ಮತ್ತೆ ತೆರೆಯಲಿಲ್ಲ. ಒಳಗೆ ಸಿಕ್ಕಿಬಿದ್ದವರು ಇಬ್ಬರು. ಒಬ್ಬ ಸರ್ವರ್ ನೋಡಿಕೊಳ್ಳುವವನು. ಯಾರ ದನಿಯನ್ನು ಬೇಕಾದರೂ ಅನುಕರಿಸುತ್ತಿದ್ದುದರಿಂದ ಆಫೀಸಿಗೆಲ್ಲ ‘ಗಿಳಿ’. ಇನ್ನೊಬ್ಬ ಅವನ ಅಕ್ಕನ ಗಂಡ, ಅದೇ ಆಫೀಸಿನ ಖರೀದಿ ವಿಭಾಗದವನು. ಭಾವ ಕೊಂಡು ತಂದಿದ್ದ ಸರ್ವರ್ ತಂತ್ರಾಂಶದ ಹೊಸ ಆವೃತ್ತಿಯನ್ನು ಗಿಳಿ ಆಗಷ್ಟೇ ಸರ್ವರಿಗೆ ಹಾಕಿದ್ದ. ಬಾಗಿಲಿನ ಕಾರ್ಡ್ ಓದುವ ತಂತ್ರಾಂಶ ಮಾತ್ರ ಹಳೆಯದು. ಹೊಸದರ ಜೊತೆ ಅದು ಠೂ ಬಿಟ್ಟಿತ್ತು.

“ಸರ್ವರಿಗೂ ಒಳ್ಳೇದಾಗ್ಲಿ ಅಂತ ತಂದ್ರಿ ಭಾವ, ಸರ್ವರಿಗೇ ಒಳ್ಳೇದಾಗ್ಲಿಲ್ಲ.”

“ಹಲ್ಲು ಕಿರೀಬೇಡ. ಬಾಗಿಲು ಕತ್ತರಿಸೋನು ಬರೋದು ಸಂಜೆಗಂತೆ. ಅತ್ತೆಗೆ ಆಪರೇಷನ್ ಇನ್ನೇನು ಶುರು.”

ಗಿಳಿಯ ಚಿಂತೆಯೂ ಅದೇ. ಮಗ ಹೊರಗೆ ನಿಂತಿರದೆ ತಾನು ಒಳಗೆ ಹೋಗುವುದಿಲ್ಲವೆಂದು ಅಮ್ಮ ಕಣ್ಣಿನ ಆಪರೇಷನ್ನನ್ನು ಆಗಲೇ ಒಮ್ಮೆ ತಪ್ಪಿಸಿಕೊಂಡಿದ್ದಳು. ಇವತ್ತೂ ತಪ್ಪಿದರೆ ಇರುವ ದೃಷ್ಟಿಯೂ ಉಳಿಯದು ಎಂದಿದ್ದರು ಡಾಕ್ಟರು.

“ಬಾಗಿಲು ತೆಗೆಯೋ ಹಾಗೆ ಹಳೇ ಆವೃತ್ತಿ ಹಾಕೋಕೆ ತಂತ್ರಾಂಶದ ಕಂಪನಿ ಒಪ್ಪಿಗೆ ಕೇಳ್ಲಾ?” ಭಾವ ಫೋನು ತೆಗೆದ.

“ಒಪ್ಪಿಗೆ ಯಾಕೆ? ಹೊಸದರ ಪರವಾನಗಿ ಕೊಂಡಾಗ್ಲೇ ಹಳೇದನ್ನ ಓಡಿಸೋ ಹಕ್ಕೂ ಬಂತು. ಇಳಿಯೋ ಹಕ್ಕು.”

“ಮತ್ತೆ ಇಳಿಯೋ!”

ಗಿಳಿ ಸಹಾಯವಾಣಿಯ ಹುಡುಗಿಯ ದನಿ ತೆಗೆದ: “ನಾವು ಹಕ್ಕು ಮಾತ್ರ ಕೊಡ್ತೀವಿ ಸರ್, ಹಳೇ ಡಿಸ್ಕು, ಕೀ ನಂಬರು ನೀವೇ ಇಟ್ಕೊಂಡಿರ್ಬೇಕು ಸರ್.” ಆಮೇಲೆ ತನ್ನ ದನಿಯಲ್ಲಿ, “ಕೀ ನಂಬರಿನ ಚೀಟಿ ಸರ್ವರಿನ ಬೆನ್ನಲ್ಲೇ ಅಂಟಿದೆ. ಡಿಸ್ಕ್ ನಿಮ್ಮ ಹತ್ರ ಇತ್ತಲ್ಲ? ಯಾರಾದ್ರೂ ತಂದು ಬಾಗಿಲ ಕೆಳಗಿನ ಸಂದೀಲಿ ತೂರಿಸಿದ್ರೆ ಸಾಕು.”

ಭಾವ ತಲೆ ಕೆರೆದುಕೊಂಡ. “ಹೊಸದು ಬಂತಲ್ಲ ಅಂತ... ಮನೆ ಬಾಲ್ಕನೀಲಿ ಕಟ್ಟಿದೀನಿ. ಪಾರಿವಾಳ ಹೆದರ್ಲಿ ಅಂತ.”

“ಹಕ್ಕಿ ಓಡಿಸೋಕೆ ಹಕ್ಕನ್ನೇ ನೇತುಹಾಕಿದ್ರಾ!”

ಮನೆಯ ಬೀಗದಕೈ ಇದ್ದುದು ಅಕ್ಕನ ಬಳಿ, ಅಕ್ಕ ಆಸ್ಪತ್ರೆಯಲ್ಲಿ. ಫೋನಿನಲ್ಲಿ ಅವಳು ಪಿಸುಗುಟ್ಟಿದಳು: “ಅಮ್ಮನ್ನ ಬಿಟ್ಟು ಹೇಗೋ ಹೋಗ್ಲಿ? ನಾನು ಅತ್ಲಾಗೆ ಹೋದ್ರೆ ಅಮ್ಮ ಇತ್ಲಾಗೆ ಮನೆಗೆ ಹೊರಡ್ತಾಳೆ. ನೀನೇ ಬರ್ಬೇಕಂತೆ.”

“ನಾನು ಬರೋಕೆ ನೀನು ಹೋಗ್ಬೇಕು ಅಕ್ಕ! ಅಮ್ಮನಿಗೆ ಕೊಡು.”

ಗಿಳಿ ಕಣ್ಣು ಮುಚ್ಚಿ, ತೀರಿಹೋದ ಅಪ್ಪನಂತೆ ಒಮ್ಮೆ ಕೆಮ್ಮಿದ. “ಏ, ಒಳಗೆ ಹೋಗೇ. ಏನೂ ಆಗಲ್ಲ.”



“ಕೆಮ್ಮು ಥೇಟ್ ಅವರದೇ ಕಣೋ,” ಎಂದಳು ಅಮ್ಮ. “ಆದ್ರೆ ನನಗೆ ‘ಏ’ ಅನ್ನೋ ಧೈರ್ಯ ನಿಮ್ಮಪ್ಪನಿಗೆ ಎಲ್ಲಿತ್ತು?”

ಗಿಳಿ ಬಾಯಿ ತೆರೆದ. ಇನ್ಯಾರ ದನಿಯೂ ಒದಗಲಿಲ್ಲ.

“ಅಮ್ಮ, ಬಾಗಿಲು ತೆಗೀತಿಲ್ಲ. ನನಗೆ ಬರೋಕಾಗಲ್ಲ.”

“ಅಲ್ಲಿ ಗಾಳಿ ಇದೆಯೇನೋ?”

“ಇದೆ. ಎ.ಸಿ.ಗೆ ವಿಪರೀತ ಚಳಿ.”

“ಅಂದ್ರೆ ನಾನು ಒಳಗೆ ಹೋದ್ರೆ ನಿಮ್ಮಕ್ಕ ಹೊರಡ್ತಾಳೆ, ಅವಳು ಹೊರಟ್ರೆ ನೀನು ಹೊರಗೆ ಬರ್ತೀಯ. ಅಷ್ಟೇ ತಾನೆ?” ಉತ್ತರಕ್ಕೆ ಅವಳು ಕಾಯಲಿಲ್ಲ. “ಸಿಸ್ಟರ್, ನನ್ನ ಕೈ ಹಿಡ್ಕೊಳ್ಳಿ. ಬೇಗ ನಡೀರಿ, ಮಗ ಚಳೀಲಿ ಕೂತಿದಾನೆ.”