ಗಂಗಮ್ಮನಿಗೆ ಉಡಿ

ಒಂದೂರಿನಲ್ಲಿ ಒಂದು ಮನೆಯಿತ್ತಂತೆ, ಆ ಮನೆಯ ಹೊಟ್ಟೆಯೊಳಗೊಂದು ಬಾವಿಯಿತ್ತಂತೆ. ಬಾವಿಯ ಸುದ್ದಿ ಮನೆ ಮಾರುವ ಮುದುಕನೊಬ್ಬನಿಗೇ ಗೊತ್ತಿತ್ತಂತೆ.

ಊರೆಂದರೆ ಬಸವೇಶ್ವರನಗರ. ಮುದುಕ ಚಿಕ್ಕಣ್ಣ, ಲೇಔಟು ಬರುವ ಮೊದಲು ಅಲ್ಲೇ ರಾಗಿ ಬೆಳೆದವರ ಮಗ. ಕೊಳ್ಳಲು ಬಂದವಳು ಸುವರ್ಣಾ, ಕೊಪ್ಪಳದ ಕಡೆಯ ನರ್ಸು. ಆರು ಬಾಡಿಗೆ ಮನೆ ಸುತ್ತಿದ ಮೇಲೆ, ಅಂಬೆಗಾಲಿಡುವ ಮಗಳು ಕವನಾ ಇನ್ನಾದರೂ ಒಂದೇ ನೆಲದ ಮೇಲೆ ಬೆಳೆಯಲಿ ಎಂದು ಅಡ್ವಾನ್ಸ್ ಕೊಟ್ಟಿದ್ದಳು.

ಮನೆ ಪರೀಕ್ಷಿಸಲು ಬಂದ ಎಂಜಿನಿಯರ್ ಯೋಗಾನಂದ ಅಡುಗೆಮನೆಯ ಗೋಡೆಯ ಬಿರುಕು ನೋಡಿ, ನೆಲವನ್ನು ಸುತ್ತಿಗೆಯಿಂದ ತಟ್ಟುತ್ತ ಹೋದ. ಒಂದು ಕಡೆ ನೆಲ ಖಾಲಿ ಗಡಿಗೆಯಂತೆ ದನಿಗೊಟ್ಟಿತು. ಕಲ್ಲು ಎಬ್ಬಿಸಿದರೆ ಕಂಬಿ ತುಕ್ಕು ಹಿಡಿದ ಸ್ಲ್ಯಾಬು, ಅದರ ಸಂದಿಯಿಂದ ತಣ್ಣನೆಯ ಗಾಳಿ.

ಚಿಕ್ಕಣ್ಣ ತಲೆ ತಗ್ಗಿಸಿದ. ಅಪ್ಪನ ಜೊತೆ ತಾನೇ ತೋಡಿದ ಬಾವಿ, ಮನೆ ಕಟ್ಟುವಾಗ ಮುಚ್ಚಿದ್ದ, ಮಣ್ಣು ತುಂಬಿರಲಿಲ್ಲ. ಬೆಲೆಯಲ್ಲಿ ಐದು ಲಕ್ಷ ಬಿಡುತ್ತೇನೆ, ಹೊಸ ಸ್ಲ್ಯಾಬು ಹಾಕಿಸಿಕೊಳ್ಳಿ ಎಂದು ಸುವರ್ಣಾಳಿಗೆ ಹೇಳಿದ.

"ರೊಕ್ಕ ಬಿಡಬ್ಯಾಡ್ರಿ ಅಜ್ಜಾರ. ಭಾವಿ ತುಂಬಿಸಿ ಕೊಡ್ರಿ. ಇದರ ಮ್ಯಾಲೆ ನನ್ನ ಕೂಸು ಆಡಬೇಕ್ರಿ."

"ಗಂಗಮ್ಮನ ಬಾಯಿಗೆ ಮಣ್ಣು ಹಾಕು ಅಂತೀಯಲ್ಲಮ್ಮ. ಎಂಥ ಬರದಲ್ಲೂ ಬತ್ತಿದವಳಲ್ಲ ಕಣಮ್ಮ ಅವಳು."

"ಹೇಳದ ಕೇಳದ ಮುಚ್ಚಿಟ್ಟೀರಲ್ಲ, ಅದೇನು ಕಡಿಮಿ ಮಣ್ಣೇನ್ರಿ?"

ಮುದುಕನಿಗೆ ಅದು ನಾಟಿತು. ರಿಜಿಸ್ಟ್ರೇಷನ್ನಿಗೆ ಮೊದಲು ತುಂಬಿಸುತ್ತೇನೆಂದು ಮಾತು ಕೊಟ್ಟ.

ಕೊಟ್ಟ ಮಾತು ನಡೆಯಲಿಲ್ಲ. ಒಮ್ಮೆ ಅಮಾವಾಸ್ಯೆ, ಒಮ್ಮೆ ಲಾರಿ ಸಿಗಲಿಲ್ಲ, ಆಮೇಲೆ ಆಷಾಢ. ಸುವರ್ಣಾ ಡ್ಯೂಟಿ ಮುಗಿಸಿ ಬಂದು ಸ್ಕೂಟರನ್ನು ಗೇಟಿಗೆ ನಿಲ್ಲಿಸುವಳು, ಅವನ ಮುಖ ನೋಡಿ ಹೊರಡುವಳು. ಅವನಿಗೆ ಕಷ್ಟವಾಗಿದ್ದುದು ಖರ್ಚಲ್ಲ, ಬಾವಿಗೆ ಮಣ್ಣು ಹಾಕಲು ಕೈ ಎತ್ತುವುದು ಎಂದು ಅವಳಿಗೆ ನಿಧಾನವಾಗಿ ತಿಳಿಯಿತು.

ಶ್ರಾವಣದ ಮೊದಲ ಶುಕ್ರವಾರ ಅವಳು ಹಸಿರು ರವಿಕೆ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನದ ಬೇರು ತಂದಳು. ಅವಳ ಸೀಮೆಯಲ್ಲಿ ತವರಿನಿಂದ ಹೊರಡುವ ಮಗಳ ಮಡಿಲಿಗೆ ಹಾಕುವ ಉಡಿ ಅದು.

"ಮಗಳನ್ನ ಬರಿಗೈಲೆ ಕಳಸ್ತಾರೇನ್ರಿ ಅಜ್ಜಾರ? ಉಡಿ ಹಾಕಿ ಕಳಸೂಣು."

ಚಿಕ್ಕಣ್ಣ ಆ ಖಣವನ್ನು ಎತ್ತಿ ಅದರ ಮಡಿಕೆ ಸರಿಮಾಡಿದ. ಆಮೇಲೆ ತಾನೇ ಲಾರಿಗೆ ಫೋನು ಮಾಡಿದ.

ಸ್ಲ್ಯಾಬು ಸರಿಸಿದರು. ಅವನು ಕಡೆಯ ಒಂದು ಕೊಡ ನೀರು ಸೇದಿ ಹೊಸ್ತಿಲ ಬಳಿ ಇಟ್ಟ. ಸುವರ್ಣಾ ಉಡಿಯನ್ನು ಬಾವಿಗೆ ಬಿಟ್ಟಳು. ಮೊದಲ ಬುಟ್ಟಿ ಮರಳು ಅವನದೇ. ಅದು ನೀರಿಗೆ ಬಿದ್ದ ಸದ್ದಿಗೆ ಅವನು ಕಣ್ಣು ಮುಚ್ಚಿಕೊಂಡ. ಸಂಜೆ ನಾಲ್ಕನೆಯ ಲಾರಿಯ ಮರಳು ಸದ್ದಿಲ್ಲದೆ ಕೂತಿತು.

ಚಿಕ್ಕಣ್ಣ ಬರಿಗಾಲಲ್ಲಿ ಅದರ ಮೇಲೆ ನಿಂತು, ಎರಡು ಸಲ ಒತ್ತಿ ನೋಡಿ, ಕವನಾಳನ್ನು ಎತ್ತಿಕೊಂಡು ನಿಂತಿದ್ದ ಸುವರ್ಣಾಳಿಗೆ ಮಗುವನ್ನು ಕೆಳಗಿಳಿಸುವಂತೆ ಕೈಸನ್ನೆ ಮಾಡಿದ.