ಗೋಡೆಗೆ ಹಚ್ಚಿದ ಗುಟ್ಟು

ಸೋಮವಾರ ಬೆಳಿಗ್ಗೆ ದರ್ಜಿಯಮ್ಮನ ಅಂಗಡಿಗೆ ಮೂರು ಜನ ಬಂದರು. ಬಟ್ಟೆ ಕೊಡಲು ಬಂದವರಲ್ಲ, ಕೊಟ್ಟಿದ್ದನ್ನು ವಾಪಸ್ ಒಯ್ಯಲು ಬಂದವರು. ಒಬ್ಬಾಕೆಯಂತೂ ಒಂದೇ ತೋಳು ಹೊಲಿದಿದ್ದ ಅಂಗಿಯನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದುಕೊಂಡು ಹೋದಳು.

ಮಧ್ಯಾಹ್ನ ಶಾಲೆಯ ದೊಡ್ಡ ಟೀಚರ್ ಫೋನ್ ಮಾಡಿದರು. "ನಲವತ್ತು ಮಕ್ಕಳ ಸಮವಸ್ತ್ರ ನಿಮಗೇ ಅಂದಿದ್ದೆ ಕಣಮ್ಮ. ಈಗ ಅಪ್ಪ ಅಮ್ಮಂದಿರು ಬೇಡ ಅಂತಿದ್ದಾರೆ. ಶುಕ್ರವಾರದವರೆಗೆ ನೋಡ್ತೀನಿ."

"ಯಾಕೆ ಮೇಡಂ?"

"ಕಚೇರಿ ಗೋಡೆ ನೋಡಿಲ್ವಾ ನೀವು?"

ಓಡಿಹೋಗಿ ನೋಡಿದಳು. ಮೋಟಾರಿನ ಹೊಲಿಗೆ ಯಂತ್ರ ಬೇಕೆಂದು ಎರಡು ತಿಂಗಳ ಹಿಂದೆ ಆ ಸರ್ಕಾರಿ ಕಚೇರಿಗೆ ಅರ್ಜಿ ಹಾಕಿದ್ದಳು. ಹಿಂದೆ ಬಂದ ಕಾಯಿಲೆ ಯಾವುದು ಎಂದು ಅರ್ಜಿ ಕೇಳಿತ್ತು. ಇವಳೋ ಸತ್ಯವಂತೆ. 'ಕ್ಷಯ ಬಂದಿತ್ತು, ಪೂರ್ತಿ ಔಷಧಿ ತೆಗೆದುಕೊಂಡು ಗುಣವಾಗಿದೆ' ಎಂದು ಬರೆದಿದ್ದಳು. ಈಗ ಆಯ್ಕೆಯಾದವರ ಪಟ್ಟಿಯಲ್ಲಿ ಅವಳ ಹೆಸರು, ಮನೆ ನಂಬರು, ಫೋನ್ ನಂಬರು, ಪಕ್ಕದ ಸಣ್ಣ ಚೌಕದಲ್ಲಿ 'ಕ್ಷಯ'. ಗುಣವಾಗಿದೆ ಎಂಬ ಮಾತಿಗೆ ಅಲ್ಲಿ ಜಾಗ ಸಾಲದೆ ಬಿಟ್ಟುಬಿಟ್ಟಿದ್ದರು.

ಸಂಜೆ ಅತ್ತೆಯ ಮಡಿಲಲ್ಲಿ ತಲೆಯಿಟ್ಟು ಅತ್ತಳು.

"ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು," ಎಂದರು ಅತ್ತೆ. "ಈಗ ಏನು ಮಾಡೋಕಾಗುತ್ತೆ? ಸರ್ಕಾರದ ಜೊತೆ ಜಗಳ ಅಂದ್ರೆ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ. ಕೊಡೋ ಯಂತ್ರನೂ ಕೊಡಲ್ಲ ಅಂದ್ರೆ?"

ಪಕ್ಕದ ಮನೆಯ ಅಂಚೆಯಮ್ಮ ಕೋಟಿನ ಗುಂಡಿ ಹಾಕಿಸಲು ಬಂದಿದ್ದರು. ಮೂವತ್ತು ವರ್ಷ ಪತ್ರ ಹಂಚಿ ನಿವೃತ್ತರಾದವರು. ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು, ಇದನ್ನು ಕೇಳಿ ಇನ್ನಷ್ಟು ಏರಿತು.

"ಗೋಡೆಗೆ ಕಿವಿ ಇರುತ್ತೆ ಅಂತಿದ್ರು. ನಮ್ಮ ಕಚೇರಿ ಗೋಡೆಗೆ ಬಾಯೂ ಬಂತಾ? ಏಳಮ್ಮ, ಕಣ್ಣೊರೆಸ್ಕೋ. ನಾನು ಊರಿನ ಅರ್ಧ ಪ್ರೇಮಪತ್ರ ಹೊತ್ತಿದ್ದೀನಿ, ಒಂದನ್ನೂ ಒಡೆದು ನೋಡಿಲ್ಲ. ನಮ್ಮ ಹತ್ರ ವಿವರ ಇಸ್ಕೊಂಡ ಕಚೇರಿಗೆ ಅದನ್ನ ಕಾಪಾಡೋ ಕರ್ತವ್ಯನೂ ಇದೆ. ಯಾವ ಕೆಲಸಕ್ಕೆ ತಗೊಂಡ್ರೋ ಆ ಕೆಲಸಕ್ಕೆ ಮಾತ್ರ ಬಳಸ್ಬೇಕು. ತಪ್ಪಿದ್ರೆ ತಿದ್ದಬೇಕು. ಅದನ್ನ ಕೇಳೋದು ಜಗಳ ಅಲ್ಲ ಕಣೇ."

ಮರುದಿನ ಮೂವರೂ ಹೊರಟರು. "ನಾನು ಸುಮ್ನೆ ನೋಡೋಕೆ ಬರ್ತೀನಿ," ಎಂದು ಅತ್ತೆ ಮೊದಲೇ ಹೇಳಿಬಿಟ್ಟರು.

ಕಿಟಕಿಯ ಹಿಂದೆ ಗೋಂದಣ್ಣ ಕೂತಿದ್ದ. ಕೈಗೆ ಸಿಕ್ಕಿದ ಕಾಗದವನ್ನೆಲ್ಲ ಗೋಡೆಗೆ ಹಚ್ಚುವ ಗುಮಾಸ್ತನಿಗೆ ಜನ ಇಟ್ಟ ಹೆಸರು ಅದು. ಕೆಟ್ಟವನಲ್ಲ, ಆದರೆ ದನಿ ಮಾತ್ರ ಮೂರು ಬೀದಿಗೆ ಕೇಳುತ್ತದೆ.

"ಏನಮ್ಮಾ, ಆ ಕ್ಷಯದ ಅರ್ಜಿ ನಿಮ್ದೇ ಅಲ್ವಾ?"

ಸಾಲಿನಲ್ಲಿದ್ದವರು ಎರಡು ಹೆಜ್ಜೆ ಹಿಂದೆ ಸರಿದರು. ದರ್ಜಿಯಮ್ಮನ ಕಿವಿ ಕೆಂಪಾಯಿತು. "ಆ ಪಟ್ಟಿ ತೆಗೀರಿ ಅಣ್ಣಾ," ಎಂದಳು.

"ಅದ್ಹೇಗಾಗುತ್ತೆ? ಎಲ್ಲಾ ಬಹಿರಂಗವಾಗಿ ಇರ್ಬೇಕು. ಮುಚ್ಚಿಟ್ರೆ ತಾನೇ ತಪ್ಪು?"

"ಕಚೇರಿ ಮಾಡೋ ಕೆಲಸ ಬಹಿರಂಗ ಇರ್ಲಿ," ಎಂದರು ಅಂಚೆಯಮ್ಮ. "ಜನರ ಮೈಯೊಳಗಿನ ಕಾಯಿಲೆ ಯಾಕೆ?"

ಗೋಂದಣ್ಣ ಬಾಯಿ ತೆರೆಯುವ ಮೊದಲೇ ದರ್ಜಿಯಮ್ಮ ಮುಂದೆ ಬಂದಳು. ಎಲ್ಲಿತ್ತೋ ಅಷ್ಟು ಧೈರ್ಯ!

"ನಿಮ್ಮ ಅಳತೆ ನನ್ನ ಪುಸ್ತಕದಲ್ಲಿದೆ ಅಣ್ಣಾ. ಹೋದ ವರ್ಷ ಹೊಟ್ಟೆ ಎಷ್ಟಿತ್ತು, ಈ ವರ್ಷ ಎಷ್ಟಾಗಿದೆ, ಎರಡೂ ಬರ್ದಿದ್ದೀನಿ. ಅಂಗಡಿ ಬಾಗಿಲಿಗೆ ಹಚ್ಚಲಾ?"

ಇಡೀ ಸಾಲು ಗೊಳ್ಳೆಂದಿತು. ಗೋಂದಣ್ಣನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು.

"ನಗಬೇಡಿ," ಎಂದಳು ಅವಳು. "ನಾನು ಅಂಗಿ ಹೊಲಿಯೋಕೆ ಅಳತೆ ಕೇಳ್ತೀನಿ. ಅಂಗಿಗೆ ಬೇಡದ್ದನ್ನ ಕೇಳಲ್ಲ. ಒಬ್ರ ಅಳತೆ ಇನ್ನೊಬ್ರಿಗೆ ಹೇಳಲ್ಲ. ಒಂದು ದರ್ಜಿ ಅಂಗಡಿಗೆ ಇಷ್ಟು ಗೊತ್ತಿರುವಾಗ ಇಷ್ಟು ದೊಡ್ಡ ಕಚೇರಿಗೆ ಗೊತ್ತಿರಬಾರ್ದಾ?"

ನಗು ಕೇಳಿ ಅಧಿಕಾರಿ ಮೇಡಂ ಹೊರಗೆ ಬಂದರು. ಗೋಡೆಯ ಮುಂದೆ ನಿಂತು ಪಟ್ಟಿಯನ್ನು ಪೂರ್ತಿ ಓದಿದರು. ಹೊಲಿಗೆ ಯಂತ್ರ ಕೊಡಲು ಕಾಯಿಲೆಯ ವಿವರ ಯಾಕೆ ಬೇಕು ಎಂದು ಕೇಳಿ, ಹಳೆಯ ಕಡತ ತರಿಸಿ ನೋಡಿದರು. ಬೇರೆ ಯಾವುದೋ ಹಳೆಯ ಅರ್ಜಿಯಿಂದ ಆ ಪ್ರಶ್ನೆ ಹಾಗೇ ನಕಲಾಗಿ ಬಂದಿತ್ತು.

"ತಪ್ಪು ನಮ್ದು," ಎಂದರು ಮೇಡಂ. "ಆ ಪ್ರಶ್ನೆ ಹೊಡೆದುಹಾಕಿ. ಗೋಡೆ ಮೇಲೆ ಇನ್ನು ಅರ್ಜಿ ನಂಬರು ಮಾತ್ರ ಇರ್ಲಿ. ಅರ್ಜಿಗಳೆಲ್ಲ ಬೀಗದೊಳಗೆ ಹೋಗ್ಲಿ, ಕೆಲಸ ಇದ್ದವರು ಮಾತ್ರ ನೋಡ್ಲಿ. ಕಿಟಕಿ ಹತ್ರ ಒಂದ್ಸಲಕ್ಕೆ ಒಬ್ರೇ, ಉಳಿದವರು ದೂರ."

ಪಟ್ಟಿ ಕೀಳಲು ಹೋದರೆ ಬರಬೇಕಲ್ಲ! ಗೋಂದು ಅಷ್ಟು ಗಟ್ಟಿ. ಗೋಂದಣ್ಣ ಒದ್ದೆ ಬಟ್ಟೆ ಹಿಡಿದು ಅರ್ಧ ಗಂಟೆ ಉಜ್ಜಿದ. ಮೊದಲ ಬಕೆಟ್ ನೀರು ತಂದುಕೊಟ್ಟವರು ಸುಮ್ನೆ ನೋಡಲು ಬಂದಿದ್ದ ಅತ್ತೆ.

ಕಾಯಿಲೆಯ ವಿವರ ಗೋಡೆಗೆ ಹಚ್ಚಿದ್ದು ಕಚೇರಿಯ ತಪ್ಪು ಎಂದು ಮೇಡಂ ಸಹಿ ಮಾಡಿ ಪತ್ರ ಕೊಟ್ಟರು. "ನಿಮ್ಮ ಕಾಯಿಲೆ ಗುಣವಾಗಿದೆ ಅಂತ ಇದರಲ್ಲಿ ಬರೀಲಾ? ನೀವು ಒಪ್ಪಿದ್ರೆ ಮಾತ್ರ," ಎಂದು ಮೊದಲು ಕೇಳಿಯೇ ಬರೆದರು. ಹಾಗೆ ಯಾರಾದರೂ ತನ್ನನ್ನು ಕೇಳಿದ್ದು ಅದೇ ಮೊದಲು. ದರ್ಜಿಯಮ್ಮನ ಕಣ್ಣು ತುಂಬಿ ಬಂತು.

ಗುರುವಾರ ಆ ಪತ್ರವನ್ನು ತಾನೇ ಶಾಲೆಗೆ ಒಯ್ದಳು. ಅಪ್ಪ ಅಮ್ಮಂದಿರನ್ನು ಕರೆಸಿ ದೊಡ್ಡ ಟೀಚರ್ ಓದಿ ಹೇಳಿದರು. ಪೂರ್ತಿ ಔಷಧಿ ತೆಗೆದುಕೊಂಡು ಗುಣವಾದವರಿಂದ ಕ್ಷಯ ಹರಡುವುದಿಲ್ಲ ಎಂಬುದನ್ನೂ ತಿಳಿಸಿದರು. ಅಂಗಿಯನ್ನು ಎರಡು ಬೆರಳಲ್ಲಿ ಒಯ್ದಿದ್ದಾಕೆ ತಲೆ ತಗ್ಗಿಸಿ, "ಆ ಇನ್ನೊಂದು ತೋಳು ಹೊಲಿದುಕೊಡ್ತೀರಾ ಅಕ್ಕಾ?" ಎಂದಳು. ಶುಕ್ರವಾರ ನಲವತ್ತು ಸಮವಸ್ತ್ರದ ಬಟ್ಟೆ ಅಂಗಡಿಗೆ ಬಂತು. ತಿಂಗಳು ತುಂಬುವಷ್ಟರಲ್ಲಿ ಹೊಸ ಯಂತ್ರವೂ ಬಂತು. ಬೀದಿಯ ಈ ತುದಿಯಿಂದ ಆ ತುದಿಗೆ ಅದರ ಸದ್ದು ಕೇಳಿದಾಗ ಅಂಚೆಯಮ್ಮ ಕಿಟಕಿಯಿಂದಲೇ ಚಪ್ಪಾಳೆ ತಟ್ಟಿದರು.

ಮೊನ್ನೆ ಪಿಂಚಣಿ ಅರ್ಜಿ ತುಂಬಲು ಹೋದ ಅತ್ತೆ, ಪೆನ್ನು ಎತ್ತಿಹಿಡಿದು ಕೇಳಿದರಂತೆ: "ಇದು ಯಾಕೆ ಬೇಕಪ್ಪಾ? ಬರ್ದ್ರೆ ಯಾರು ಯಾರು ನೋಡ್ತಾರೆ?" ಗೋಂದಣ್ಣ ಮೆಲುದನಿಯಲ್ಲಿ ಎಲ್ಲವನ್ನೂ ವಿವರಿಸಿದನಂತೆ. ಹೋದ ವಾರ ಅವನೂ ಹೊಸ ಅಂಗಿ ಹೊಲಿಸಿಕೊಂಡ. ಅಳತೆ ಎಷ್ಟು ಎಂದು ನಮ್ಮನ್ನು ಕೇಳಬೇಡಿ. ದರ್ಜಿಯಮ್ಮ ಹೇಳಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಾಳೆ ನೀವೂ ಯಾವುದೋ ಕಚೇರಿಯ ಕಿಟಕಿಯ ಮುಂದೆ ನಿಲ್ಲುತ್ತೀರಿ. ಹೆಸರು, ಫೋನ್, ಕಾಯಿಲೆ, ಮನೆಯ ಕಷ್ಟ ಎಲ್ಲವನ್ನೂ ಬರೆದುಕೊಡುತ್ತೀರಿ. ಬರೆಯುವ ಮೊದಲು ಯಾಕೆ ಎಂದು ಕೇಳಿ. ತಪ್ಪಾಗಿ ಬರೆದಿದ್ದರೆ ತಿದ್ದಿಸಿ, ಗೋಡೆಗೆ ಹಚ್ಚಿದ್ದರೆ ತೆಗೆಸಿ. ಒಬ್ಬರೇ ಹೋಗಲು ಅಳುಕಾದರೆ ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ. ಕಿಟಕಿಯ ಆ ಕಡೆ ಕೂತವರೇ, ನಿಮಗೂ ಒಂದು ಮಾತು: ಜನ ನಂಬಿ ಕೊಟ್ಟದ್ದನ್ನು ಜೋಪಾನ ಮಾಡಿ. ಗೋಂದು ಹಚ್ಚುವ ಮೊದಲು ಒಮ್ಮೆ ನಿಮ್ಮ ಹೊಟ್ಟೆಯ ಅಳತೆ ನೆನಪಿಸಿಕೊಳ್ಳಿ.